ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಜೊತೆ ಒಮ್ಮೆ ರಸ್ತೆಗಿಳಿಯಿರಿ

ಅಮ್ಮನಿಗೆ ಮಂಡಿನೋವು ಶುರುವಾದ ಮೇಲೆ ನಮ್ಮ ರಸ್ತೆ ನನಗೆ ಕಾಣಿಸತೊಡಗಿತು. ಮಲ್ಲೇಶ್ವರದಲ್ಲಿ ನಮ್ಮ ಮನೆಯಿಂದ ಎಂಟನೇ ಕ್ರಾಸ್‌ನ ತರಕಾರಿ ಅಂಗಡಿಗಳಿಗೆ ನಾನೊಬ್ಬಳೇ ಹೋದರೆ ಏಳು ನಿಮಿಷ. ಅಮ್ಮನ ಜೊತೆ ಹೋದರೆ ಇಪ್ಪತ್ತು. ಉಳಿದ ಹದಿಮೂರು ನಿಮಿಷ ಎಲ್ಲಿ ಹೋಗುತ್ತದೆ ಅಂತ ಒಂದು ದಿನ ಲೆಕ್ಕ ಹಾಕಿದೆ. ಮಂಡಿನೋವಿಗೆ ಹೋದದ್ದು ಕಡಿಮೆ. ಪ್ರತಿ ಗೇಟಿನ ಮುಂದೆ ಏರು, ಮತ್ತೆ ಇಳಿಜಾರು. ಅಲುಗಾಡುವ ಚಪ್ಪಡಿ. ಫುಟ್‌ಪಾತ್ ಮಧ್ಯೆ ಟ್ರಾನ್ಸ್‌ಫಾರ್ಮರ್. ಅದನ್ನು ಬಳಸಿ ಹೋಗಲು ರಸ್ತೆಗೆ ಇಳಿಯಬೇಕು, ಇಳಿಯುವ ಮುಂಚೆ ಹಿಂದೆ ತಿರುಗಿ ನೋಡಬೇಕು. ಇಷ್ಟೂ ಸೇರಿದರೂ ಅರ್ಧ ಸಮಯ ಆಗಲಿಲ್ಲ. ಮಿಕ್ಕದ್ದು ರಸ್ತೆ ದಾಟಲು ಕಾದದ್ದು.

ಹದಿನೈದು ವರ್ಷ ಇದೇ ರಸ್ತೆಯಲ್ಲಿ ಸ್ಕೂಟರ್ ಓಡಿಸಿದ್ದೇನೆ. ಇದ್ಯಾವುದೂ ಗೊತ್ತಿರಲಿಲ್ಲ.

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಅವುಗಳಲ್ಲಿ ಒಂದು ನನ್ನದು, ಒಂದು ನಿಮ್ಮದೂ ಇರಬಹುದು. ರಸ್ತೆಯನ್ನು ಹಂಚಿಕೊಳ್ಳುವುದು ಹೇಗೆ ಎಂದು ಕಲಿಯಲು ನನಗೆ ಸಿಕ್ಕಿದ ದಾರಿ ಒಂದೇ: ಎಲ್ಲರಿಗಿಂತ ನಿಧಾನವಾಗಿ ಹೋಗುವವರಿಂದ ಶುರು ಮಾಡುವುದು. ಈ ಮಾರ್ಗದರ್ಶಿಯೂ ಅಲ್ಲಿಂದಲೇ ಶುರುವಾಗುತ್ತದೆ.

ಮೊದಲ ಕೆಲಸ: ಗಾಡಿ ಬಿಟ್ಟು ಒಂದು ಸುತ್ತು

ಭಾನುವಾರ ಬೆಳಿಗ್ಗೆ ಬೇಡ, ಆಗ ಎಲ್ಲ ರಸ್ತೆಯೂ ಚೆನ್ನಾಗಿಯೇ ಕಾಣುತ್ತದೆ. ವಾರದ ನಡುವೆ ಸಂಜೆ ಆರು ಗಂಟೆಗೆ ಹೊರಡಿ. ಜೊತೆಗೆ ಅಜ್ಜಿಯನ್ನೋ, ತಾತನನ್ನೋ, ಮೂರು ವರ್ಷದ ಮಗುವನ್ನೋ ಕರೆದುಕೊಳ್ಳಿ. ಯಾರೂ ಇಲ್ಲದಿದ್ದರೆ ಎರಡೂ ಕೈಯಲ್ಲಿ ತುಂಬಿದ ಚೀಲ ಹಿಡಿಯಿರಿ. ಅರ್ಧ ಕಿಲೋಮೀಟರ್ ಸಾಕು.

ದಾರಿಯಲ್ಲಿ ಮೂರು ವಿಷಯ ಗಮನಿಸಿ. ಎಲ್ಲೆಲ್ಲಿ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯಬೇಕಾಯಿತು? ದಾಟಲು ಎಷ್ಟು ಹೊತ್ತು ಕಾದಿರಿ? ಕಾಲಿಟ್ಟ ಮೇಲೆ ಆಚೆ ದಡ ಸೇರಲು ಎಷ್ಟು ಸೆಕೆಂಡ್ ಬೇಕಾಯಿತು? ಇಳಿದ ಜಾಗಗಳ ಫೋಟೋ ತೆಗೆದಿಡಿ. ಅವು ಮುಂದೆ ಬೇಕಾಗುತ್ತವೆ.

ಫುಟ್‌ಪಾತ್ ಹೇಗಿರಬೇಕು ಎಂಬುದಕ್ಕೆ ಲೆಕ್ಕವಿದೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯ ಪ್ರಕಾರ ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು. ಅಂದರೆ ಸುಮಾರು ಆರು ಅಡಿ. ಎತ್ತರ 150 ಮಿಲಿಮೀಟರ್ ಮೀರಬಾರದು, ಒಂದು ಗೇಣಿಗಿಂತಲೂ ಕಡಿಮೆ. ನಮ್ಮ ಎಷ್ಟೋ ಕಡೆ ಮೊಣಕಾಲೆತ್ತರದ ಫುಟ್‌ಪಾತ್ ಇದೆ. ಹತ್ತಲಾಗದವರು ರಸ್ತೆಯಲ್ಲೇ ನಡೆಯುತ್ತಾರೆ. ಅವರನ್ನು ನೋಡಿ "ಫುಟ್‌ಪಾತ್ ಇದ್ದರೂ ರಸ್ತೆಗೆ ಬರ್ತಾರೆ" ಎಂದು ನಾನೂ ಬೈದದ್ದುಂಟು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ನಡೆಯಲು ಅಡ್ಡಿಯಿಲ್ಲದ ಫುಟ್‌ಪಾತ್ ಸಿಗುವುದು ಸಂವಿಧಾನದ 21ನೇ ವಿಧಿಯ ಕೆಳಗೆ ಬರುವ ಹಕ್ಕು ಎಂದು ಹೇಳಿದೆ. ಜೀವಿಸುವ ಹಕ್ಕು ಇರುವುದು ಅದೇ ವಿಧಿಯಲ್ಲಿ.

ಈಗ ದಾಟುವ ಲೆಕ್ಕ. ಸಾಧಾರಣ ನಾಲ್ಕು ಲೇನಿನ ರಸ್ತೆ ಸುಮಾರು 14 ಮೀಟರ್ ಅಗಲ. ಗಟ್ಟಿಮುಟ್ಟಾದವರಿಗೆ ಹನ್ನೆರಡು ಸೆಕೆಂಡ್ ಸಾಕು. ಅಮ್ಮನಿಗೆ ಇಪ್ಪತ್ತು ಬೇಕು. ಗಂಟೆಗೆ 40 ಕಿಲೋಮೀಟರ್ ವೇಗದ ಸ್ಕೂಟರ್ ಒಂದು ಸೆಕೆಂಡಿಗೆ 11 ಮೀಟರ್ ಬರುತ್ತದೆ. ನೂರು ಮೀಟರ್ ದೂರದಲ್ಲಿ ಕಂಡದ್ದು ಒಂಬತ್ತು ಸೆಕೆಂಡಿನಲ್ಲಿ ಎದುರಿಗೆ ನಿಂತಿರುತ್ತದೆ. ಆಗ ಅಮ್ಮ ಇನ್ನೂ ರಸ್ತೆಯ ನಡುವೆ. "ಅಷ್ಟು ದೂರ ಇತ್ತಲ್ಲ, ದಾಟಬಹುದಿತ್ತು" ಅಂತ ವಯಸ್ಸಾದವರಿಗೆ ಹೇಳಬೇಡಿ. ಅವರ ಲೆಕ್ಕ ಸರಿಯಾಗಿಯೇ ಇದೆ.

ದಾಟುವಾಗ

ನಿಂತಿರುವ ಬಸ್ಸಿನ ಮುಂದಿನಿಂದ, ಪಾರ್ಕ್ ಮಾಡಿದ ಎರಡು ಕಾರುಗಳ ಸಂದಿನಿಂದ ದಾಟಬೇಡಿ. ಬರುವವರಿಗೆ ನೀವು ಕಾಣುವುದಿಲ್ಲ. ಬಸ್ ಹೊರಟುಹೋಗಲಿ. ಬೀದಿದೀಪ ಇರುವ ಕಡೆ, ಎರಡೂ ಬದಿ ತೆರೆದು ಕಾಣುವ ಕಡೆ ನಿಲ್ಲಿ. ನಿಮ್ಮ ಹಾಗೆ ಕಾಯುತ್ತಿರುವವರು ಇದ್ದರೆ ಜೊತೆಯಾಗಿ ಹೊರಡಿ. ಒಬ್ಬರಿಗೆ ನಿಲ್ಲದ ಗಾಡಿ ನಾಲ್ವರಿಗೆ ನಿಲ್ಲುತ್ತದೆ.

ಕೈ ಎತ್ತಿ, ಓಡಿಸುವವರ ಮುಖ ನೋಡಿ. ಅವರು ನಿಮ್ಮನ್ನು ನೋಡಿದರು ಎಂದು ಖಾತ್ರಿಯಾದ ಮೇಲೆಯೇ ಕಾಲಿಡಿ. ಒನ್‌ವೇ ಆದರೂ ಎರಡೂ ಕಡೆ ನೋಡಿ. ಎದುರು ದಿಕ್ಕಿನಿಂದ ಬರುವವರು ಹಾರ್ನ್ ಕೂಡ ಮಾಡದೆ ಬಂದಿರುತ್ತಾರೆ. ಎಲೆಕ್ಟ್ರಿಕ್ ಸ್ಕೂಟರ್‌ಗೆ ಸದ್ದೇ ಇಲ್ಲ, ಹಾಗಾಗಿ ಕಿವಿಯನ್ನು ನಂಬಬೇಡಿ. ಹೊರಟ ಮೇಲೆ ಒಂದೇ ಸಮ ನಡೆಯಿರಿ. ಗಾಬರಿಯಾಗಿ ಹಿಂದಕ್ಕೆ ಓಡುವುದು ತುಂಬಾ ಅಪಾಯ, ಏಕೆಂದರೆ ಓಡಿಸುವವರು ನಿಮ್ಮ ಬೆನ್ನ ಹಿಂದಿನ ಜಾಗಕ್ಕೇ ಗಾಡಿ ತಿರುಗಿಸಿರುತ್ತಾರೆ. ಮಧ್ಯದಲ್ಲಿ ಮೀಡಿಯನ್ ಇದ್ದರೆ ಅಲ್ಲಿ ನಿಂತು, ಉಳಿದ ಅರ್ಧವನ್ನು ಹೊಸ ರಸ್ತೆ ಅಂತ ಭಾವಿಸಿ ದಾಟಿ.

ವಯಸ್ಸಾದವರ ಜೊತೆ ಇದ್ದಾಗ ಗಾಡಿ ಬರುವ ಬದಿಯಲ್ಲಿ ನೀವಿರಿ. ಅವರ ಕೈ ಹಿಡಿದು ಎಳೆಯಬೇಡಿ, ನಿಮ್ಮ ಮೊಣಕೈ ಕೊಡಿ, ಅವರೇ ಹಿಡಿದುಕೊಳ್ಳಲಿ. ಕಣ್ಣು ಕಾಣದವರಿಗೂ ಹೀಗೆಯೇ. ಮೊದಲು "ದಾಟಿಸಲಾ?" ಎಂದು ಕೇಳಿ. ಮಗುವಾದರೆ ಬೆರಳು ಬೇಡ, ಮಣಿಕಟ್ಟು ಹಿಡಿಯಿರಿ.

ಗಾಡಿ ಹತ್ತಿದ ಮೇಲೆ

ಇಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ. ಅಮ್ಮ ಎಷ್ಟು ಹುಷಾರಾಗಿದ್ದರೂ ಅವರ ಜೀವ ಇರುವುದು ಗಾಡಿ ಓಡಿಸುವವರ ಕೈಯಲ್ಲಿ.

ಜೀಬ್ರಾ ಗೆರೆಯ ಬಳಿ ವೇಗ ತಗ್ಗಿಸಿ, ನಿಂತು, ನಡೆಯುವವರಿಗೆ ದಾರಿ ಬಿಡಬೇಕು ಎಂದು 2017ರ ಮೋಟಾರು ವಾಹನ ಚಾಲನಾ ನಿಯಮಗಳು ಹೇಳುತ್ತವೆ. ಸಿಗ್ನಲ್ ಇಲ್ಲದ ಕಡೆಗೂ ಇದು ಅನ್ವಯ. ಆದರೆ ನಮ್ಮಲ್ಲಿ ಹಠಾತ್ತಾಗಿ ನಿಂತರೆ ಹಿಂದಿನವರು ಗುದ್ದುತ್ತಾರೆ ಎಂಬ ಭಯ ಎಲ್ಲರಿಗೂ ಇದೆ, ಅದು ಸುಳ್ಳಲ್ಲ. ಅದಕ್ಕೆ ದೂರದಿಂದಲೇ ತಯಾರಾಗಿ. ಗೆರೆ ಕಂಡ ಕೂಡಲೇ ಆಕ್ಸಿಲರೇಟರ್ ಬಿಡಿ. ಬ್ರೇಕನ್ನು ಎರಡು ಸಲ ಮೆಲ್ಲಗೆ ಒತ್ತಿ, ಹಿಂದಿನ ಕೆಂಪು ದೀಪ ಮಿನುಗಲಿ. ಎಡಗೈಯಲ್ಲಿ ದಾಟುವವರಿಗೆ "ಬನ್ನಿ" ಎಂದು ಸನ್ನೆ ಮಾಡುವ ಮುಂಚೆ ಪಕ್ಕದ ಲೇನನ್ನು ಕನ್ನಡಿಯಲ್ಲಿ ನೋಡಿ. ನೀವು ನಿಂತಿರಿ ಎಂದು ಅವರು ಹೆಜ್ಜೆ ಇಟ್ಟಾಗ ಪಕ್ಕದವನು ನಿಲ್ಲದೆ ಬಂದರೆ ಕಷ್ಟ.

ಇದರ ಇನ್ನೊಂದು ಮುಖ ಇದಕ್ಕಿಂತ ಮುಖ್ಯ. ಪಕ್ಕದ ಲೇನಿನ ಕಾರೋ ಬಸ್ಸೋ ಕಾರಣ ಕಾಣದೆ ನಿಂತರೆ ನೀವೂ ನಿಲ್ಲಿ. ಅದರ ಮುಂದೆ ಯಾರೋ ದಾಟುತ್ತಿದ್ದಾರೆ. ನಿಮಗೆ ಕಾಣುತ್ತಿಲ್ಲ, ಅಷ್ಟೇ. "ಇವನು ಯಾಕೆ ನಿಂತ" ಎಂದು ಎಡದಿಂದ ನುಗ್ಗುವ ಆ ಒಂದು ಕ್ಷಣವೇ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುತ್ತದೆ. ಅಮ್ಮ ಅಂಥ ಒಂದು ಬೈಕಿನಿಂದ ಅಂಗೈ ಅಗಲದಲ್ಲಿ ಉಳಿದುಕೊಂಡರು. ಅವತ್ತು ಕೈಯಲ್ಲಿದ್ದ ಕೊತ್ತಂಬರಿ ಕಟ್ಟು ರಸ್ತೆಗೆ ಬಿತ್ತು. ಅದನ್ನು ಹೆಕ್ಕಲೂ ನಾವು ನಿಲ್ಲಲಿಲ್ಲ.

ಸಿಗ್ನಲ್‌ನಲ್ಲಿ ಸ್ಟಾಪ್ ಲೈನ್ ಹಿಂದೆ ನಿಲ್ಲಿ. ಜೀಬ್ರಾ ಮೇಲೆ ನಿಂತರೆ ನಡೆಯುವವರು ಚೌಕದ ಮಧ್ಯೆ ಬಳಸಿ ಹೋಗಬೇಕು. ಹಿಂದಿನವರು ಹಾರ್ನ್ ಹೊಡೆದರೂ ಕದಲಬೇಡಿ. ಎರಡು ಸಲ ಮುಜುಗರ ಆಗುತ್ತದೆ, ಮೂರನೇ ಸಲಕ್ಕೆ ಅಭ್ಯಾಸವಾಗುತ್ತದೆ.

ವೇಗದ ವಿಷಯ. ಕಣ್ಣಿಗೆ ಕಂಡದ್ದು ಕೈಗೆ ತಲುಪಿ ಬ್ರೇಕ್ ಒತ್ತಲು ಸುಮಾರು ಒಂದು ಸೆಕೆಂಡ್ ಬೇಕು. 30ರಲ್ಲಿ ಅಷ್ಟರೊಳಗೆ 8 ಮೀಟರ್ ಹೋಗಿರುತ್ತೀರಿ, 50ರಲ್ಲಿ 14 ಮೀಟರ್. ಬ್ರೇಕ್ ಹಿಡಿಯುವುದು ಅದಾದ ಮೇಲೆ. ಡಿಕ್ಕಿಯ ಹೊಡೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 30ಕ್ಕೆ ಹೋಲಿಸಿದರೆ 50ರ ಹೊಡೆತ ಎರಡೂ ಮುಕ್ಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಮನೆಗಳಿರುವ ಕ್ರಾಸ್‌ಗಳಲ್ಲಿ 30 ದಾಟಬೇಡಿ. ಮುಂದಿನ ಸಿಗ್ನಲ್‌ನಲ್ಲಿ ಹೇಗೂ ಎಲ್ಲರೂ ಒಟ್ಟಿಗೇ ನಿಲ್ಲುತ್ತೇವೆ ಅಲ್ವಾ?

ಉದ್ದ ಗಾಡಿಗಳ ಎಡಬದಿಗೆ ಹೋಗಲೇಬೇಡಿ. ಬಸ್ಸು, ಲಾರಿ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ. ಮೂಲೆಯನ್ನು ಕೊಯ್ದುಕೊಂಡು ಒಳಗೆ ಬರುತ್ತದೆ. ಮೊದಲು ದೊಡ್ಡ ಜಾಗ ಇದೆ ಅನ್ನಿಸುತ್ತದೆ, ತಿರುಗುತ್ತಾ ತಿರುಗುತ್ತಾ ಅದು ಮುಚ್ಚಿಕೊಳ್ಳುತ್ತದೆ. ಎಡಬದಿಯಲ್ಲಿರುವ ಸ್ಕೂಟರ್ ಆ ಬಸ್ಸು, ಲಾರಿ ಓಡಿಸುವವರಿಗೆ ಕಾಣುವುದೂ ಇಲ್ಲ. ಒಂದು ಸುಲಭ ಗುರುತು ಇದೆ: ಅವರ ಕನ್ನಡಿಯಲ್ಲಿ ಅವರ ಮುಖ ನಿಮಗೆ ಕಾಣದಿದ್ದರೆ, ನೀವು ಅವರಿಗೆ ಕಾಣುತ್ತಿಲ್ಲ. ಸ್ಟಾಪಿನಲ್ಲಿ ನಿಂತ ಬಸ್ಸಿನ ಎಡಕ್ಕಂತೂ ನುಗ್ಗುವ ಹಾಗೇ ಇಲ್ಲ. ಜನ ಇಳಿಯುವುದೇ ಅಲ್ಲಿ.

ಉಳಿದವನ್ನು ಬೇಗ ಹೇಳುತ್ತೇನೆ. ವೃತ್ತದೊಳಗೆ ಈಗಾಗಲೇ ಇರುವ ಗಾಡಿಗೆ ಮೊದಲ ದಾರಿ. ಬೀದಿದೀಪ ಇರುವ ಊರೊಳಗೆ ಹೆಡ್‌ಲೈಟ್ ಡಿಮ್‌ನಲ್ಲಿರಲಿ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ ಹಾರ್ನ್ ಮುಟ್ಟಬೇಡಿ. ಮಳೆಯಲ್ಲಿ ನೀರು ನಿಂತ ಕಡೆ ಮೆಲ್ಲಗೆ ಹೋಗಿ. ನೀರಿನ ಕೆಳಗೆ ಗುಂಡಿ ಇರಬಹುದು, ಪಕ್ಕದಲ್ಲಿ ಶಾಲೆಯ ಯೂನಿಫಾರ್ಮ್ ಹಾಕಿದ ಮಗು ನಿಂತಿರಬಹುದು. ಕಾರಿನ ಬಾಗಿಲನ್ನು ಹತ್ತಿರದ ಕೈಯಲ್ಲಿ ತೆರೆಯಬೇಡಿ. ಬಲಬದಿಯಲ್ಲಿ ಕೂತವರು ಎಡಗೈಯಲ್ಲಿ, ಎಡಬದಿಯಲ್ಲಿ ಕೂತವರು ಬಲಗೈಯಲ್ಲಿ ತೆರೆಯಲಿ. ಮೈ ತಾನಾಗಿ ಹಿಂದಕ್ಕೆ ತಿರುಗುತ್ತದೆ, ಬರುತ್ತಿರುವ ಬೈಕು ಕಣ್ಣಿಗೆ ಬೀಳುತ್ತದೆ.

ಮಕ್ಕಳ ಬಗ್ಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವನ್ನು ದ್ವಿಚಕ್ರದಲ್ಲಿ ಕರೆದೊಯ್ಯುವಾಗ ಹೆಲ್ಮೆಟ್ ಬೇಕು, ಓಡಿಸುವವರಿಗೆ ಸೇರಿಸಿ ಕಟ್ಟುವ ಬೆಲ್ಟ್ ಬೇಕು, ವೇಗ 40 ಮೀರಬಾರದು. 2023ರ ಫೆಬ್ರವರಿಯಿಂದ ಈ ನಿಯಮ ಇದೆ. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. "ಇಲ್ಲೇ ಅಂಗಡಿಗೆ ತಾನೇ" ಎಂದು ಹದಿನಾರರ ಮಗನ ಕೈಗೆ ಕೀ ಕೊಡುವವರಿಗೆ ಕಾನೂನು ಗೊತ್ತಿರಲಿ: ತಂದೆತಾಯಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಮನೆ ಮುಂದಿನ ಜಾಗ

ನಾವು ಸಾಮಾನ್ಯವಾಗಿ ರಸ್ತೆ ಅಂದರೆ ಬೇರೆಯವರ ತಪ್ಪು ಅಂದುಕೊಳ್ಳುತ್ತೇವೆ. ಗೇಟಿನ ಹೊರಗೆ ನಿಂತು ನಿಮ್ಮ ಮನೆಯನ್ನೇ ಒಮ್ಮೆ ನೋಡಿ. ಗೇಟಿನ ಮುಂದಿನ ಫುಟ್‌ಪಾತ್ ನಿಮ್ಮ ಸೈಟಿಗೆ ಸೇರಿದ್ದಲ್ಲ. ಅಲ್ಲಿ ಹೂಕುಂಡ, ನೋ ಪಾರ್ಕಿಂಗ್ ಬೋರ್ಡು, ಕಲ್ಲು, ಕಬ್ಬಿಣದ ಬೇಲಿ ಇದ್ದರೆ ಮೊದಲು ತೆಗೆಯಿರಿ. ಕಾರು ಹತ್ತಿಸಲು ಮಾಡಿಸಿದ ಸಿಮೆಂಟ್ ಇಳಿಜಾರು ಫುಟ್‌ಪಾತ್ ಮೇಲೆ ಚಾಚಿಕೊಂಡಿದ್ದರೆ, ನಡೆಯುವವರ ಕಾಲು ಅಡ್ಡಕ್ಕೆ ವಾಲುತ್ತದೆ. ಮಂಡಿನೋವಿನವರಿಗೆ ಮೆಟ್ಟಿಲಿಗಿಂತ ಇದು ಕಷ್ಟ. ಮುಂದಿನ ಸಲ ಮೇಸ್ತ್ರಿ ಬಂದಾಗ ಆ ಇಳಿಜಾರನ್ನು ಗೇಟಿನ ಒಳಗೆ ಮಾಡಿಸಿ. ನಮ್ಮ ಮನೆಯದನ್ನು ಒಡೆಸಿ ಮಾಡಿಸಿದೆವು. ಒಂದು ದಿನದ ಕೆಲಸ.

ಮನೆ ಕಟ್ಟಿಸುತ್ತಿದ್ದರೆ ಜಲ್ಲಿ, ಎಂ-ಸ್ಯಾಂಡ್ ರಸ್ತೆಗೆ ಸುರಿಸಬೇಡಿ. ರಾತ್ರಿ ದ್ವಿಚಕ್ರದವರು ಅದರ ಮೇಲೆ ಜಾರುತ್ತಾರೆ, ಮಳೆ ಬಂದರೆ ಎಲ್ಲ ಮೋರಿಗೆ ಹೋಗಿ ಕಟ್ಟಿಕೊಳ್ಳುತ್ತದೆ. ಎರಡು ದಿನಕ್ಕೆ ಬೇಕಾದಷ್ಟೇ ತರಿಸಿ, ಸೈಟಿನ ಒಳಗೇ ಹಾಕಿಸಿ.

ಕಸವೂ ರಸ್ತೆಯ ವಿಷಯವೇ. ಮೂಲೆಯಲ್ಲಿ ಒಂದು ಕವರ್ ಬಿದ್ದರೆ ಸಂಜೆಗೆ ಇಪ್ಪತ್ತು ಕವರ್, ಆಮೇಲೆ ನಾಯಿ, ಹಸು. ಜನ ರಸ್ತೆ ಮಧ್ಯೆ ನಡೆಯಬೇಕಾಗುತ್ತದೆ. ಬೆಂಗಳೂರಿನಲ್ಲಿ ಹೈಕೋರ್ಟ್ 2015ರಲ್ಲೇ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು. ಹಸಿ ಕಸ ಹಸಿರು ಬುಟ್ಟಿಗೆ, ಪ್ಯಾಡ್ ಮತ್ತು ಡೈಪರ್‌ನಂಥವು ಕೆಂಪಿಗೆ, ಒಣ ಕಸ ಚೀಲಕ್ಕೆ. ಪ್ಯಾಡ್, ಡೈಪರ್‌ಗಳನ್ನು ಪೇಪರಿನಲ್ಲಿ ಸುತ್ತಿ ಕೊಡಿ, ಒಡೆದ ಗಾಜನ್ನು ಬೇರೆಯಾಗಿ ಕಟ್ಟಿ ಮೇಲೆ ಬರೆದು ಕೊಡಿ. ಅದನ್ನು ಕೈಯಲ್ಲಿ ಮುಟ್ಟುವವರು ಪೌರಕಾರ್ಮಿಕರು. ಗಾಡಿ ಬರುವ ಹೊತ್ತಿಗೆ ನೀವು ಕೆಲಸಕ್ಕೆ ಹೋಗಿರುತ್ತೀರಾ? ಪಕ್ಕದ ಮನೆಯವರನ್ನು ಕೇಳಿ. ಬೇಡ ಅನ್ನುವವರು ಕಡಿಮೆ.

ತಳ್ಳುಗಾಡಿಯವರ ಬಗ್ಗೆ ಒಂದು ಮಾತು. ಬೀದಿ ವ್ಯಾಪಾರಿಗಳ ಬದುಕನ್ನು ಕಾಪಾಡಲು 2014ರ ಕಾಯ್ದೆ ಇದೆ. ಎಂಟನೇ ಕ್ರಾಸ್‌ನಲ್ಲಿ ನಾನು ಗಮನಿಸಿದ್ದೇನೆ, ದಾರಿ ಕಟ್ಟುವುದು ಸೊಪ್ಪಿನ ಬುಟ್ಟಿಗಿಂತ ಸೊಪ್ಪು ಕೊಳ್ಳಲು ಗಾಡಿ ಮೇಲೇ ಕೂತು ನಿಲ್ಲುವವರು. ಹತ್ತು ಹೆಜ್ಜೆ ಆಚೆ ನಿಲ್ಲಿಸಿ ನಡೆದು ಬನ್ನಿ. ವ್ಯಾಪಾರವೂ ನಡೆಯುತ್ತದೆ, ದಾರಿಯೂ ಉಳಿಯುತ್ತದೆ.

ಕೇಳುವ ರೀತಿ

ಫುಟ್‌ಪಾತ್ ಮೇಲೆ ಬೈಕ್ ಬಂದರೆ ಏನು ಮಾಡುವುದು? ನಾನು ಮೊದಲು ಕೂಗಾಡುತ್ತಿದ್ದೆ. ಪ್ರಯೋಜನ ಆಗಲಿಲ್ಲ, ರಕ್ತದೊತ್ತಡ ಏರಿದ್ದಷ್ಟೇ. ಈಗ ಪಕ್ಕಕ್ಕೆ ಸರಿಯುವುದಿಲ್ಲ, ನಿಂತುಕೊಂಡು "ಅಣ್ಣ, ಅಮ್ಮನಿಗೆ ಕೆಳಗಿಳಿಯೋಕೆ ಆಗಲ್ಲ, ನೀವು ರಸ್ತೆಗೆ ಇಳೀತೀರಾ?" ಎನ್ನುತ್ತೇನೆ. ಹೆಚ್ಚಿನವರು ಇಳಿಯುತ್ತಾರೆ. ಕೆಲವರು ಸಾರಿ ಅಂತಾರೆ. ಗೇಟ್ ಮುಂದೆ ಅಡ್ಡ ನಿಲ್ಲಿಸಿದ ಕಾರಿಗೆ ಗೀರು ಹಾಕುವುದು, ಗಾಳಿ ಬಿಡುವುದು ಬೇಡ. ಒಂದು ಚೀಟಿ ಬರೆದು ವೈಪರ್‌ಗೆ ಸಿಕ್ಕಿಸಿ: "ಸಾರ್, ಇಲ್ಲಿ ನಿಲ್ಲಿಸಿದರೆ ವೀಲ್‌ಚೇರ್ ಹೊರಗೆ ಬರಲ್ಲ. ದಯವಿಟ್ಟು ಸ್ವಲ್ಪ ಮುಂದೆ ನಿಲ್ಲಿಸಿ." ಯಾರಿಗೆ ತೊಂದರೆ ಎಂದು ಹೇಳಿದರೆ ಜನಕ್ಕೆ ಅರ್ಥವಾಗುತ್ತದೆ. ನಿಯಮ ಹೇಳಿದರೆ ಜಗಳವಾಗುತ್ತದೆ.

ಎದುರಿನವರು ಸಿಟ್ಟಿನಲ್ಲಿದ್ದರೆ, ಗಾಡಿಯಿಂದ ಇಳಿದು ಬಂದರೆ, ಮಾತು ಅಲ್ಲಿಗೇ ನಿಲ್ಲಿಸಿ. ನಂಬರ್ ಬರೆದುಕೊಂಡು ಹೊರಡಿ. ಬೆದರಿಕೆ ಅನ್ನಿಸಿದರೆ 112ಕ್ಕೆ ಕರೆ ಮಾಡಿ.

ಯಾರಾದರೂ ಬಿದ್ದಿದ್ದರೆ

ನಿಲ್ಲಿ. ಪೊಲೀಸ್ ಸ್ಟೇಷನ್, ಕೋರ್ಟು ಅಂತ ಅಲೆಸುತ್ತಾರೆ ಎಂಬ ಹಳೆಯ ಭಯ ಈಗ ಬೇಡ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸಹಾಯಕ್ಕೆ ನಿಂತವರನ್ನು ಕಾಪಾಡುವ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಇದಕ್ಕಾಗಿ ತನ್ನದೇ ಕಾಯ್ದೆ ಮಾಡಿಕೊಂಡಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಕಲಂ ಸೇರಿತು. ಹೆಸರು, ವಿಳಾಸ ಕೊಡಲೇಬೇಕು ಎಂದು ನಿಮ್ಮನ್ನು ಒತ್ತಾಯಿಸುವಂತಿಲ್ಲ. ಆಸ್ಪತ್ರೆಯವರು ನಿಮ್ಮಿಂದ ದುಡ್ಡು ಕಟ್ಟಿಸಿಕೊಳ್ಳುವಂತಿಲ್ಲ.

ಮೊದಲು ನಿಮ್ಮ ಗಾಡಿಯನ್ನು ಬಿದ್ದವರಿಗಿಂತ ಹಿಂದೆ, ದೀಪಗಳು ಮಿನುಗುವಂತೆ ನಿಲ್ಲಿಸಿ. ಇನ್ನೊಬ್ಬರನ್ನು ಹಿಂದೆ ನಿಂತು ಗಾಡಿಗಳನ್ನು ಬೇರೆ ಕಡೆ ಕಳಿಸಲು ಕೇಳಿ. 108ಕ್ಕೆ ಕರೆ ಮಾಡಿ, ಜಾಗವನ್ನು ಕಣ್ಣಿಗೆ ಕಾಣುವ ಅಂಗಡಿಯ ಅಥವಾ ಮೆಟ್ರೋ ಕಂಬದ ನಂಬರಿನ ಗುರುತಿನಿಂದ ಹೇಳಿ. ರಕ್ತ ಸೋರುವ ಕಡೆ ಶುದ್ಧ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಆಗಾಗ ತೆಗೆದು ನೋಡಬೇಡಿ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ಎಳೆಯಬೇಡಿ. ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. ಹೆಸರು ಕೇಳುತ್ತಾ ಮಾತಾಡಿಸುತ್ತಿರಿ. ರಸ್ತೆ ಅಪಘಾತದ ಗಾಯಾಳುಗಳಿಗೆ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದಿಲ್ಲದೆ ಚಿಕಿತ್ಸೆ ನೀಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ. ಮನೆಯವರು ಬಂದಾಗ ಇದನ್ನು ಅವರಿಗೆ ತಿಳಿಸಿ. ಆ ಗಾಬರಿಯಲ್ಲಿ ಅವರಿಗೆ ನೆನಪಾಗುವುದಿಲ್ಲ.

ದೂರು ಕೊಡುವುದು

ಈಗ ಮೊದಲ ದಿನ ತೆಗೆದ ಫೋಟೋಗಳನ್ನು ಹೊರಗೆ ತೆಗೆಯಿರಿ. ಯಾವುದು ಯಾರಿಗೆ ಎಂದು ವಿಂಗಡಿಸಿ. ಮುರಿದ ಫುಟ್‌ಪಾತ್, ಗುಂಡಿ, ಕಸ, ಬೀದಿದೀಪ: ಪಾಲಿಕೆಯ ಸಹಾಯವಾಣಿ 1533. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಒಂದರ ಬದಲು ಐದು ಪಾಲಿಕೆಗಳಿವೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ನಿಮ್ಮ ಮನೆ ಯಾವ ಪಾಲಿಕೆಗೆ ಸೇರಿದೆ ಎಂದು ತಿಳಿದಿಟ್ಟುಕೊಳ್ಳಿ. ತೆರೆದ ಮ್ಯಾನ್‌ಹೋಲ್, ಉಕ್ಕುವ ಒಳಚರಂಡಿ ಜಲಮಂಡಳಿಗೆ, 1916. ಜೋತುಬಿದ್ದ ವಿದ್ಯುತ್ ತಂತಿ, ಟ್ರಾನ್ಸ್‌ಫಾರ್ಮರ್ ಬೆಸ್ಕಾಂಗೆ, 1912. ಫುಟ್‌ಪಾತ್ ಮೇಲಿನ ಪಾರ್ಕಿಂಗ್, ಎದುರು ದಿಕ್ಕಿನ ಓಡಾಟ ಸಂಚಾರ ಪೊಲೀಸರಿಗೆ.

"ನಮ್ಮ ಏರಿಯಾದಲ್ಲಿ ಫುಟ್‌ಪಾತ್ ಸರಿಯಿಲ್ಲ" ಎಂದು ಬರೆದರೆ ಯಾರಿಂದಲೂ ಏನೂ ಮಾಡಲಾಗುವುದಿಲ್ಲ. ಒಂದು ದೂರಿಗೆ ಒಂದೇ ಸಮಸ್ಯೆ ಇರಲಿ. ಹೀಗೆ ಬರೆಯಿರಿ: "ಇಂಥ ಕ್ರಾಸ್, ಇಂಥ ಮೇನ್, ಇಷ್ಟನೇ ನಂಬರ್ ಮನೆ ಎದುರು, ಫುಟ್‌ಪಾತಿನ ಎರಡು ಚಪ್ಪಡಿ ಮುರಿದಿವೆ. ಕೆಳಗೆ ಮೂರು ಅಡಿ ಆಳದ ಮೋರಿ. ಪಕ್ಕದಲ್ಲೇ ಶಾಲೆ. ಫೋಟೋ ಜೊತೆಗಿದೆ." ದೂರಿನ ನಂಬರ್ ಬರೆದುಕೊಳ್ಳಿ. ವಾರವಾದರೂ ಏನೂ ಆಗದಿದ್ದರೆ ಅದೇ ನಂಬರ್ ಹೇಳಿ ಮತ್ತೆ ಕೇಳಿ. ಕೆಲಸ ಮುಗಿಯಿತು ಎಂದು ಮೆಸೇಜ್ ಬಂದು, ಚಪ್ಪಡಿ ಹಾಗೇ ಇದ್ದರೆ ಆ ದಿನದ ಫೋಟೋ ಹಾಕಿ ದೂರನ್ನು ಮತ್ತೆ ತೆರೆಸಿ. ನಾಲ್ಕು ಮನೆಯವರು ಅದೇ ಜಾಗದ ಬಗ್ಗೆ ಬೇರೆ ಬೇರೆಯಾಗಿ ಬರೆದರೆ ಇನ್ನೂ ಒಳ್ಳೆಯದು. ಎಂಜಿನಿಯರ್ ನೋಡಲು ಬಂದ ದಿನ ಒಬ್ಬರಾದರೂ ಜೊತೆಗೆ ನಿಂತು ತೋರಿಸಿ. ಸಾಧ್ಯವಾದರೆ ಅವರನ್ನು ಅಜ್ಜಿಯ ಜೊತೆ ಹತ್ತು ಹೆಜ್ಜೆ ನಡೆಸಿ.

ರಿಪೇರಿ ಆದಾಗ ಕೆಲಸ ಮಾಡಿದವರಿಗೆ ಒಂದು ಲೋಟ ಕಾಫಿ ಕೊಡಿ. ಕೆಲಸ ಆಗಿದೆ ಎಂದು ದೂರಿನ ಕೆಳಗೆ ಬರೆಯಿರಿ.

ಮೂರು ತಿಂಗಳಾದ ಮೇಲೆ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ, ಅದೇ ಜೊತೆಗಾರರೊಂದಿಗೆ ಮತ್ತೆ ನಡೆದು ಸಮಯ ಬರೆದುಕೊಳ್ಳಿ. ನಮ್ಮ ದಾರಿಯಲ್ಲಿ ಮೂರು ಚಪ್ಪಡಿ ಹೊಸದಾಗಿ ಬಂದಿವೆ. ನಮ್ಮದೂ ಸೇರಿ ಎರಡು ಮನೆಯ ಇಳಿಜಾರು ಗೇಟಿನ ಒಳಗೆ ಹೋಗಿದೆ. ಟ್ರಾನ್ಸ್‌ಫಾರ್ಮರ್ ಇನ್ನೂ ಅಲ್ಲೇ ಇದೆ, ಅದರ ದೂರಿನ ನಂಬರ್ ನನ್ನ ಕ್ಯಾಲೆಂಡರಿನಲ್ಲಿದೆ. ಕಳೆದ ವಾರ ಅಮ್ಮನ ಜೊತೆ ಎಂಟನೇ ಕ್ರಾಸ್‌ಗೆ ಹದಿನಾರು ನಿಮಿಷ ಹಿಡಿಯಿತು.